ಆಶ್ರಯಧಾಮದ ಮೊಲ ಮತ್ತು ಸ್ವಯಂಸೇವಕ

ಪ್ರಾಣಿ ಆಶ್ರಯಧಾಮಗಳಿಗೆ ಬಂದು ಸೇರುವ ಮೊಲಗಳೆಲ್ಲ ಸಾಮಾನ್ಯವಾಗಿ ಮನೆಗಳಲ್ಲಿ ಸಾಕಿದ ಮೊಲಗಳೇ. ನಾಯಿ, ಬೆಕ್ಕು, ದನಗಳು ಅಲ್ಲಿಗೆ ಬರುವುದು ಅಪಘಾತದಿಂದ, ರೋಗದಿಂದ ಅಥವಾ ಬೀದಿಯಲ್ಲಿ ದಿಕ್ಕುಗೆಟ್ಟು. ಮೊಲ ಬರುವುದು ರಟ್ಟಿನ ಪೆಟ್ಟಿಗೆಯಲ್ಲಿ, ಒಡೆಯರ ಕೈಯಿಂದಲೇ. ಮಗುವಿನ ಹುಟ್ಟುಹಬ್ಬಕ್ಕೆಂದು ಕೊಂಡ ಜೋಡಿ ಕೆಲವೇ ತಿಂಗಳಲ್ಲಿ ಹತ್ತಾಗಿರುತ್ತದೆ. ಬಾಡಿಗೆ ಮನೆಯ ಮಾಲೀಕರು ಬೇಡವೆಂದಿರುತ್ತಾರೆ. ವೈರು ಕಚ್ಚಿತು, ಸೋಫಾ ಹರಿಯಿತು ಎಂಬ ದೂರಿರುತ್ತದೆ. ಇಲ್ಲವೇ ಮಗುವಿಗೆ ಪರೀಕ್ಷೆ ಹತ್ತಿರ ಬಂದಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಸಾಕುಮೊಲ 8ರಿಂದ 12 ವರ್ಷ ಬದುಕುತ್ತದೆ. ಕೊಳ್ಳುವವರ ಮನಸ್ಸಿನಲ್ಲಿ ಇರುವುದು ಒಂದು ಬೇಸಿಗೆ ರಜೆ.

ಚೆನ್ನೈನಲ್ಲಿ ಮೊಲ ಸಿಗುವುದು ಕಷ್ಟವಲ್ಲ. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಪಾತ್ರೆ, ಗಿಡದ ಕುಂಡ, ಕೆಟ್ಟ ರೇಡಿಯೋಗಳ ನಡುವೆ ಪಕ್ಷಿಗಳೂ ಮೊಲಗಳೂ ಪಂಜರಗಳಲ್ಲಿ ಮಾರಾಟಕ್ಕಿರುತ್ತವೆ. ಪ್ರಾಣಿ ಮಾರುವ ಅಂಗಡಿಗಳು ನೋಂದಣಿ ಮಾಡಿಸಿಕೊಳ್ಳಬೇಕು, ಗಾಳಿ, ಜಾಗ, ನೀರು, ವೈದ್ಯಕೀಯ ದಾಖಲೆ ಎಲ್ಲವೂ ಇರಬೇಕು ಎಂದು 2018ರ ನಿಯಮಗಳು ಹೇಳುತ್ತವೆ. ಸಂತೆಯ ಪಂಜರದ ಮುಂದೆ ನಿಂತವನಿಗೆ ಈ ನಿಯಮಗಳ ನೆನಪಾಗುವುದಿಲ್ಲ. ಕೈಯಲ್ಲಿ ಹಿಡಿದಷ್ಟೇ ಗಾತ್ರದ, ತಾಯಿಯ ಹಾಲು ಇನ್ನೂ ಬಿಡಬಾರದ ಮರಿ ಅವನ ಕಣ್ಣೆದುರಿಗಿರುತ್ತದೆ. ಜೊತೆಗೆ ಪುಕ್ಕಟೆ ಸಲಹೆಗಳೂ ಸಿಗುತ್ತವೆ: ಕ್ಯಾರೆಟ್ ಹಾಕಿ, ಬ್ರೆಡ್ ಹಾಕಿ, ನೀರು ಮಾತ್ರ ಕೊಡಬೇಡಿ, ಕುಡಿದರೆ ಸಾಯುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಈ ತಿಳಿವಳಿಕೆಯೇ ಮುಂದೆ ಆಶ್ರಯಧಾಮದ ಬಾಗಿಲು ತಟ್ಟುವ ಕಾಯಿಲೆಗಳ ಮೂಲ. ನೀರು ಬೇಡವೆಂಬುದು ಶುದ್ಧ ಸುಳ್ಳು. ಒಂದು ಕಿಲೋ ತೂಕದ ಮೊಲಕ್ಕೆ ದಿನಕ್ಕೆ 50ರಿಂದ 150 ಮಿಲಿಲೀಟರ್ ನೀರು ಬೇಕು. ಚೆನ್ನೈನ ಸೆಕೆಯಲ್ಲಿ ಇನ್ನೂ ಹೆಚ್ಚು.

ಮದರಾಸು ಪ್ರಾಣಿದಯೆಯ ಚಳವಳಿಗೆ ಹಳೆಯ ತವರು. ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ದಾರಿ ಮಾಡಿತು. ಆ ಕಾಯ್ದೆಯಡಿ 1962ರಲ್ಲಿ ರಚನೆಯಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಕಚೇರಿ ದಶಕಗಳ ಕಾಲ ಇದೇ ಊರಿನಲ್ಲಿತ್ತು. ಹರಿಯಾಣಕ್ಕೆ ಹೋದದ್ದು ಈಚೆಗೆ, 2018ರಲ್ಲಿ. ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯನ್ನು ಕ್ಯಾಪ್ಟನ್ ವಿ. ಸುಂದರಂ ಕುಟುಂಬ ಕಟ್ಟಿತು. ಮಳೆನೀರಿನಲ್ಲಿ ಕೊಚ್ಚಿಹೋಗುತ್ತಿದ್ದ ನಾಯಿಮರಿಗಳನ್ನು ಮನೆಗೆ ತಂದದ್ದು ಅದರ ಆರಂಭ. 1964ರ ಹೊತ್ತಿಗೆ ಅದು ನೋಂದಾಯಿತ ಸಂಸ್ಥೆಯಾಗಿತ್ತು. ಕನ್ನಡಿಗರಿಗೆ ಸುಂದರಂ ದಂಪತಿ ತೀರ ಹೊರಗಿನವರೇನಲ್ಲ. ಸುಂದರಂ ಮೈಸೂರು ಮಹಾರಾಜರ ವಿಮಾನದ ಚಾಲಕರಾಗಿದ್ದವರು. ಅವರ ಪತ್ನಿ ಉಷಾ ಬೆಂಗಳೂರು ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದವರು. 1951ರಲ್ಲಿ ಇಬ್ಬರೂ ಸೇರಿ ಪುಟ್ಟ ಡವ್ ವಿಮಾನವೊಂದನ್ನು ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ಹಾರಿಸಿ ತಂದರು.

ಬ್ಲೂ ಕ್ರಾಸ್ ಈಗ ಇರುವುದು ಗಿಂಡಿಯ ವೇಳಚ್ಚೇರಿ ರಸ್ತೆಯಲ್ಲಿ. ಬೀದಿನಾಯಿಗಳನ್ನು ಕೊಲ್ಲುವ ಬದಲು ಶಸ್ತ್ರಚಿಕಿತ್ಸೆಯಿಂದ ಸಂತಾನ ತಡೆಯಬೇಕು ಎಂಬ ವಾದವನ್ನು 1960ರ ದಶಕದಲ್ಲೇ ಎತ್ತಿಕೊಂಡ ಸಂಸ್ಥೆ ಅದು. ಅಲ್ಲಿ ನಾಯಿಗಳದ್ದೇ ರಾಜ್ಯ. ಬೆಕ್ಕು, ದನ, ಕುದುರೆ, ಕತ್ತೆಗಳ ಜೊತೆ ಮೊಲದಂಥ ಸಣ್ಣ ಪ್ರಾಣಿಗಳೂ ಬರುತ್ತವೆ. ಇಂಥ ಯಾವ ಆಶ್ರಯಧಾಮದಲ್ಲೂ ಕಾಣುವ ಒಂದು ಸಂಗತಿಯುಂಟು. ನಾಯಿ ಬೊಗಳಿ ಗಮನ ಸೆಳೆಯುತ್ತದೆ, ಬೆಕ್ಕು ಕಾಲಿಗೆ ಸುತ್ತುತ್ತದೆ, ದನ ಅಂಬಾ ಎನ್ನುತ್ತದೆ. ಮೊಲಕ್ಕೆ ಕೂಗಿಲ್ಲ, ಪ್ರಾಣಭಯದ ಕೊನೆಯ ಗಳಿಗೆಯಲ್ಲಿ ಮಾತ್ರ ಕಿರುಚುತ್ತದೆ. ಸಂಬಳದ ಕೆಲಸಗಾರರು ಗಾಯಗೊಂಡ ನಾಯಿಗಳ ಹಿಂದೆ ಓಡುತ್ತಿರುವಾಗ ಮೂಲೆಯಲ್ಲಿ ಕುಳಿತು ತಿನ್ನುವುದನ್ನು ಬಿಟ್ಟ ಮೊಲವನ್ನು ಗಮನಿಸಲು ಒಬ್ಬರು ಬೇಕು. ಮೊಲಗಳ ಮಟ್ಟಿಗೆ ಸ್ವಯಂಸೇವೆ ಹುಟ್ಟುವುದೇ ಈ ಕೊರತೆಯಿಂದ. ಎತ್ತಿ ಮುದ್ದಾಡುವ ಆಸೆಯಿಂದ ಬಂದವರಿಗೆ ಇಲ್ಲಿ ಮೊದಲ ದಿನವೇ ನಿರಾಸೆ ಕಾದಿರುತ್ತದೆ. ಕೆಲಸದ ಬಹುಪಾಲು ನೋಡುವುದು, ಗುಡಿಸುವುದು, ಹುಲ್ಲು ಹಾಕುವುದು.

ನೋಡಬೇಕಾದದ್ದು ಏನು ಎಂದು ತಿಳಿಯಲು ಈ ಪ್ರಾಣಿಯ ದೇಹವನ್ನು ಸ್ವಲ್ಪ ಅರಿಯಬೇಕು. ಮೊಲ ಇಲಿಯ ಜಾತಿಯದಲ್ಲ. ಮೇಲಿನ ದವಡೆಯ ಎರಡು ಬಾಚಿಹಲ್ಲುಗಳ ಹಿಂದೆ ಇನ್ನೆರಡು ಚಿಕ್ಕ ಹಲ್ಲುಗಳು ಅಡಗಿವೆ. ಈ ಲಕ್ಷಣದಿಂದಲೇ ಅದು ಬೇರೆ ಗಣಕ್ಕೆ ಸೇರುತ್ತದೆ. ಒಟ್ಟು 28 ಹಲ್ಲುಗಳು, ಎಲ್ಲವೂ ಬದುಕಿರುವ ತನಕ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಒರಟು ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ ಅವು ಸವೆದು ಅಳತೆಯಲ್ಲಿ ನಿಲ್ಲುತ್ತವೆ. ಅನ್ನ, ಬ್ರೆಡ್, ಬಿಸ್ಕತ್ತು, ಕ್ಯಾರೆಟ್‌ಗಳ ಮೇಲೆ ಬೆಳೆದ ಮೊಲದ ದವಡೆಹಲ್ಲುಗಳು ಸವೆಯದೆ ಮೊನಚಾಗಿ ನಾಲಿಗೆಗೂ ಕೆನ್ನೆಗೂ ಚುಚ್ಚುತ್ತವೆ. ನೋವಿಗೆ ಅದು ತಿನ್ನುವುದನ್ನು ಬಿಡುತ್ತದೆ. ಬಾಯಿಯ ಸುತ್ತ, ಗದ್ದದ ಕೆಳಗೆ ಕೂದಲು ಒದ್ದೆಯಾಗಿದ್ದರೆ ಜೊಲ್ಲು ಸುರಿಯುತ್ತಿದೆ, ಹಲ್ಲಿನ ತೊಂದರೆ ಇರಬಹುದು ಎಂದು ಅನುಭವಿ ಸ್ವಯಂಸೇವಕ ದೂರದಿಂದಲೇ ಊಹಿಸುತ್ತಾನೆ.

ಕರುಳಿನ ಕಥೆ ಇನ್ನೂ ಸೂಕ್ಷ್ಮ. ಮೊಲ ತಿಂದ ಹುಲ್ಲಿನ ಒರಟು ನಾರು ಕರುಳಿನುದ್ದಕ್ಕೂ ತಳ್ಳಿಕೊಂಡು ಹೋಗಿ ಗುಂಡಗಿನ ಒಣ ಹಿಕ್ಕೆಯಾಗಿ ಬೀಳುತ್ತದೆ. ಸಣ್ಣ ಕಣಗಳು ಹಿಂದಕ್ಕೆ ಸರಿದು ಸೀಕಮ್ ಎಂಬ ದೊಡ್ಡ ಚೀಲವನ್ನು ಸೇರಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗುತ್ತವೆ. ಹೀಗೆ ಹುದುಗಿದ್ದು ಮೆತ್ತನೆಯ, ದ್ರಾಕ್ಷಿಗೊಂಚಲಿನಂಥ ಇನ್ನೊಂದು ಬಗೆಯ ಹಿಕ್ಕೆಯಾಗಿ ಹೊರಬರುತ್ತದೆ. ಅದನ್ನು ಮೊಲ ನೆಲಕ್ಕೆ ಬೀಳಗೊಡದೆ ತಾನೇ ಬಾಯಿಗೆ ತೆಗೆದುಕೊಳ್ಳುತ್ತದೆ. ಹೊಸಬರು ಇದನ್ನು ಕಂಡು ಅಸಹ್ಯಪಟ್ಟು ತಡೆಯಲು ಹೋಗುವುದುಂಟು. ಬಿ ಗುಂಪಿನ ವಿಟಮಿನ್‌ಗಳೂ ಪ್ರೋಟೀನೂ ಅದರಲ್ಲಿರುವುದರಿಂದ ಆ ಪ್ರಾಣಿಗೆ ಅದು ಆಹಾರ. ನಾರು ಕಡಿಮೆಯಾದರೆ, ನೀರು ಸಾಲದಿದ್ದರೆ, ನೋವಿದ್ದರೆ ಅಥವಾ ಹೆದರಿಕೆಯಾದರೆ ಈ ಇಡೀ ಯಂತ್ರ ನಿಧಾನವಾಗಿ ನಿಲ್ಲುತ್ತದೆ. ಹೊಟ್ಟೆಯಲ್ಲಿ ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬಾರದು. ಹನ್ನೆರಡು ಗಂಟೆ ಏನೂ ತಿನ್ನದ ಮೊಲ ತುರ್ತು ಚಿಕಿತ್ಸೆಯ ರೋಗಿ ಎಂದೇ ತಿಳಿಯಬೇಕು. ನಾಳೆ ನೋಡೋಣ ಎಂದರೆ ನಾಳೆ ಅದು ಇರುವುದಿಲ್ಲ.

ಹಾಗಾಗಿ ಸ್ವಯಂಸೇವಕರ ದಿನ ಹಿಕ್ಕೆಯಿಂದ ಆರಂಭವಾಗುತ್ತದೆ. ಆರೋಗ್ಯವಂತ ಮೊಲ ದಿನಕ್ಕೆ 200ರಿಂದ 300 ಹಿಕ್ಕೆ ಹಾಕುತ್ತದೆ. ಅವು ದುಂಡಗೆ, ಒಂದೇ ಗಾತ್ರದಲ್ಲಿ, ಒಡೆದರೆ ಹುಲ್ಲಿನ ಪುಡಿಯಂತೆ ಇರಬೇಕು. ಸಣ್ಣದಾಗಿದ್ದರೆ ತಿನ್ನುವುದು ಕಡಿಮೆಯಾಗಿದೆ. ಕೂದಲಿನಿಂದ ಪೋಣಿಸಿದಂತೆ ಒಂದಕ್ಕೊಂದು ಅಂಟಿದ್ದರೆ ಮೈಗೂದಲು ಉದುರುವ ಕಾಲ, ಬಾಚಣಿಗೆ ಬೇಕು. ನೀರಾಗಿದ್ದರೆ, ಅದರಲ್ಲೂ ಮರಿಗಳಲ್ಲಿ, ತಡಮಾಡದೆ ವೈದ್ಯರಿಗೆ ಹೇಳಬೇಕು. ಗೂಡಿನಲ್ಲಿ ಹಿಕ್ಕೆಯೇ ಇಲ್ಲದಿದ್ದರೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಮೂತ್ರ ಕೆಲವೊಮ್ಮೆ ಕಿತ್ತಳೆಯಾಗಿ, ಕೆಂಪಾಗಿ ಕಾಣುತ್ತದೆ. ಸೊಪ್ಪಿನ ಬಣ್ಣದ ಅಂಶಗಳಿಂದ ಹಾಗಾಗುವುದು ಸಾಮಾನ್ಯವಾದರೂ ರಕ್ತವೋ ಬಣ್ಣವೋ ತೀರ್ಮಾನಿಸುವುದು ವೈದ್ಯರ ಕೆಲಸ. ಇವೆಲ್ಲವನ್ನೂ ಗೂಡಿನ ಪಕ್ಕದ ಪುಸ್ತಕದಲ್ಲಿ ಬರೆದಿಡಬೇಕು: ಯಾವ ಮೊಲ, ಎಷ್ಟು ತಿಂದಿತು, ತೂಕ ಎಷ್ಟು, ಹಿಕ್ಕೆ ಹೇಗಿತ್ತು. ನೆನಪಿನ ಮೇಲೆ ಭಾರ ಹಾಕುವ ಆಶ್ರಯಧಾಮದಲ್ಲಿ ಮೊಲಗಳು ಕಾರಣ ತಿಳಿಯದೆ ಸಾಯುತ್ತವೆ.

ನಂತರ ಗುಡಿಸುವ ಕೆಲಸ. ಮೊಲ ಸ್ವಭಾವತಃ ಒಂದು ಮೂಲೆಯನ್ನು ಶೌಚಕ್ಕೆ ಆರಿಸಿಕೊಳ್ಳುವ ಪ್ರಾಣಿ. ಆ ಮೂಲೆಯಲ್ಲಿ ಪ್ಲಾಸ್ಟಿಕ್ ತಟ್ಟೆ ಇಟ್ಟು ಹಳೆಯ ಪತ್ರಿಕೆ ಹಾಸಿ ಮೇಲೆ ಹುಲ್ಲು ಹರಡಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಗಟ್ಟಿಕಟ್ಟಿದ ಬಿಳಿ ಮೂತ್ರದ ಕಲೆಗೆ ವಿನೆಗರ್ ಸಾಕು. ನಾಯಿಗಳ ಅಂಗಳಕ್ಕೆ ಬಳಸುವ ಫಿನಾಯಿಲಿನ ಘಾಟು ಮೊಲದ ಮೂಗಿಗೂ ಶ್ವಾಸಕ್ಕೂ ಕೆಟ್ಟದು. ತಂತಿಬಲೆಯ ನೆಲವಿದ್ದರೆ ಹಲಗೆಯನ್ನೋ ಚಾಪೆಯನ್ನೋ ಹಾಸಬೇಕು. ಮೊಲದ ಅಂಗಾಲಿಗೆ ನಾಯಿಗಿರುವಂಥ ದಪ್ಪ ಚರ್ಮದ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ತಿಂಗಳುಗಟ್ಟಲೆ ಕುಳಿತ ಮೊಲದ ಹಿಮ್ಮಡಿ ಹುಣ್ಣಾಗಿ ಕೀವು ತುಂಬುತ್ತದೆ. ಸ್ನಾನ ಮಾಡಿಸುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ನೀರಿನಲ್ಲಿ ಮುಳುಗಿಸಿದ ಮೊಲ ಭಯದ ಆಘಾತದಿಂದಲೇ ಸಾಯಬಹುದು, ಒದ್ದೆಯಾದ ದಟ್ಟ ಕೂದಲು ಬೇಗ ಒಣಗುವುದೂ ಇಲ್ಲ.

ಆಹಾರದಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲೇ ಇರಬೇಕು. ವಿದೇಶಿ ಪುಸ್ತಕಗಳು ಹೊಗಳುವ ಟಿಮೊಥಿ ಹುಲ್ಲು ಇಲ್ಲಿ ಆಮದಿನದು, ದುಬಾರಿ. ಆಶ್ರಯಧಾಮಗಳಿಗೆ ಅದು ಎಟುಕುವ ವಸ್ತುವಲ್ಲ, ಎಟುಕಬೇಕಾಗಿಯೂ ಇಲ್ಲ. ತಮಿಳಿನಲ್ಲಿ ಅರುಗಂಪುಲ್ ಎನ್ನುವ ಗರಿಕೆ ಚೆನ್ನೈನ ದೇವಸ್ಥಾನಗಳ ಬೀದಿಗಳಲ್ಲಿ ಪಿಳ್ಳೆಯಾರ್ ಪೂಜೆಗೆ ಕಟ್ಟುಕಟ್ಟಾಗಿ ಸಿಗುತ್ತದೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ನೇಪಿಯರ್ ತಳಿಗಳನ್ನು ಹಾಲಿನವರು ಬೆಳೆಯುತ್ತಾರೆ. ಎಳೆಯದನ್ನು ಕೊಯ್ದು ನೆರಳಿನಲ್ಲಿ ಒಣಗಿಸಿದರೆ ಒಳ್ಳೆಯ ಒಣಹುಲ್ಲಾಗುತ್ತದೆ. ಭತ್ತದ ಹುಲ್ಲು ಹಾಸಲು ಸರಿ, ಅದೊಂದೇ ಊಟವಾದರೆ ಪೋಷಣೆ ಸಾಲದು. ಕುದುರೆ ಮಸಾಲೆ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು, ಮರಿಗಳಿಗೂ ಹಾಲೂಡುವ ತಾಯಿಗೂ ಕೊಡಬಹುದು, ದೊಡ್ಡವಕ್ಕೆ ಮಿತವಾಗಿರಲಿ. ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಹಿಪ್ಪುನೇರಳೆ ಎಲೆ ಒಂದೊಂದು ಹಿಡಿ. ಕ್ಯಾರೆಟ್ಟಿನಲ್ಲಿ ಸಕ್ಕರೆ ಜಾಸ್ತಿ. ಅದು ಮೊಲಕ್ಕೆ ಸಿಹಿತಿಂಡಿ, ಒಂದು ತುಂಡು ಸಾಕು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಚಾಕೊಲೇಟು ಹತ್ತಿರ ಸುಳಿಯಬಾರದು. ಬೇಲಿಯಲ್ಲಿ ಚೆಂದಕ್ಕೆ ಬೆಳೆಸಿದ ಕಣಗಿಲೆ ವಿಷ. ಪೂಜೆಯ ಹೂಮಾಲೆಗಳನ್ನು ತಂದು ಗೂಡಿಗೆ ಸುರಿಯುವ ಭಕ್ತರನ್ನು ನಯವಾಗಿ ತಡೆಯಬೇಕಾಗುತ್ತದೆ.

ಮೊಲವನ್ನು ಎತ್ತುವುದು ಕಲಿಯಬೇಕಾದ ವಿದ್ಯೆ. ಅದರ ಎಲುಬುಗೂಡು ದೇಹತೂಕದ ಶೇಕಡಾ 8ರಷ್ಟು ಮಾತ್ರ. ಬೆಕ್ಕಿನದು ಶೇಕಡಾ 13ರ ಆಸುಪಾಸು. ಹಗುರವಾದ ಮೂಳೆ, ಬಲವಾದ ಹಿಂಗಾಲು. ಸರಿಯಾಗಿ ಹಿಡಿಯದಿದ್ದಾಗ ಅದು ಒದೆಯುವ ಒದೆತಕ್ಕೆ ಅದರದೇ ಬೆನ್ನೆಲುಬು ಮುರಿಯುತ್ತದೆ, ಹಿಂಭಾಗ ಶಾಶ್ವತವಾಗಿ ಸತ್ತುಹೋಗುತ್ತದೆ. ಕಿವಿ ಹಿಡಿದು ಎತ್ತುವುದು ಜಾದೂಗಾರರ ಚಿತ್ರಗಳಲ್ಲಿ ಕಾಣುವ ಕ್ರೌರ್ಯ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪಿರ್ರೆಯ ಕೆಳಗೆ, ಮೈಗೆ ಒತ್ತಿಕೊಂಡು ಎತ್ತಬೇಕು. ಕಲಿಯುವವರು ನೆಲದ ಮೇಲೆ ಕುಳಿತೇ ಅಭ್ಯಾಸ ಮಾಡಬೇಕು, ಕೈತಪ್ಪಿದರೂ ಬೀಳುವುದು ಗೇಣೆತ್ತರದಿಂದಷ್ಟೇ. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಬಿದ್ದಿರುವುದನ್ನು ಕಂಡು ಸುಖವಾಗಿದೆ ಎಂದು ವಿಡಿಯೋ ಮಾಡುವವರಿದ್ದಾರೆ. ಬೇಟೆಗಾರನ ಹಿಡಿತದಲ್ಲಿ ಸತ್ತಂತೆ ನಟಿಸುವ ಸ್ಥಿತಿ ಅದು. ಆಗ ಎದೆ ಭಯದಿಂದ ಬಡಿದುಕೊಳ್ಳುತ್ತಿರುತ್ತದೆ.

ಮೊಲದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದಕ್ಕೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಮೂಗಿನ ನೇರ ಮುಂದಿನ ಒಂದಿಷ್ಟು ಜಾಗ ಬಿಟ್ಟು. ಅಲ್ಲಿಗೇ ಕೈಚಾಚಿದರೆ ಅದು ಬೆಚ್ಚುತ್ತದೆ, ಕೆಲವೊಮ್ಮೆ ಕಚ್ಚುತ್ತದೆ. ಪಕ್ಕದಿಂದ ಹೋಗಿ ಹಣೆಯನ್ನು ಸವರಿದರೆ ಒಪ್ಪಿಕೊಳ್ಳುತ್ತದೆ. ಹಿಂಗಾಲನ್ನು ನೆಲಕ್ಕೆ ಅಪ್ಪಳಿಸಿದರೆ ಎಚ್ಚರಿಕೆ. ಗದ್ದವನ್ನು ಬಟ್ಟಲಿಗೆ, ಕಂಬಕ್ಕೆ, ಕುಳಿತವರ ಚಪ್ಪಲಿಗೆ ಉಜ್ಜಿದರೆ ಅಲ್ಲಿನ ಗ್ರಂಥಿಯ ವಾಸನೆಯಿಂದ ಇದು ನನ್ನದು ಎಂದು ಗುರುತು ಹಾಕುತ್ತಿದೆ. ಹಲ್ಲನ್ನು ಮೆಲ್ಲಗೆ ಮಸೆದರೆ ನೆಮ್ಮದಿ. ಜೋರಾಗಿ ಕಟಕಟಿಸಿ ಬೆನ್ನು ಗೂನಾಗಿಸಿ ಕುಳಿತರೆ ನೋವು. ಈ ಕೊನೆಯದನ್ನು ಮೊದಲಿನದರಿಂದ ಬೇರ್ಪಡಿಸಬಲ್ಲ ಸ್ವಯಂಸೇವಕ ಒಬ್ಬನಿದ್ದರೆ ವೈದ್ಯರಿಗೆ ಅರ್ಧ ದಿನ ಉಳಿತಾಯ.

ನೂರಾರು ನಾಯಿಗಳಿರುವ ಆವರಣದಲ್ಲಿ ಮೊಲವನ್ನು ಇಡುವುದೇ ಒಂದು ವಿರೋಧಾಭಾಸ. ಬೇಟೆಯ ಪ್ರಾಣಿಗೆ ಬೊಗಳುವ ಸದ್ದು, ನಾಯಿಯ ವಾಸನೆ ಎರಡೂ ನಿರಂತರ ಬೆದರಿಕೆ. ಗೂಡು ಕಣ್ಣಿಗೂ ಕಿವಿಗೂ ಆದಷ್ಟು ಮರೆಯಾಗಿರಬೇಕು, ಒಳಗೆ ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆ ಇರಬೇಕು, ಮೊಲಗಳ ಕೆಲಸವನ್ನು ನಾಯಿಗಳ ಅಂಗಳಕ್ಕೆ ಹೋಗುವ ಮೊದಲೇ ಮುಗಿಸಬೇಕು. ದೀಪಾವಳಿಯ ಪಟಾಕಿಯ ರಾತ್ರಿ ಯಾರಾದರೂ ಹತ್ತಿರ ಕುಳಿತಿದ್ದರೆ ಒಳ್ಳೆಯದು. ಸ್ವಯಂಸೇವಕರಿಗೂ ಕಟ್ಟುಪಾಡುಗಳಿವೆ: ಆಶ್ರಯಧಾಮದಲ್ಲಿ ಕೆಲಸ ಮಾಡುವವರು ಮುಂಚಿತವಾಗಿಯೇ ರೇಬಿಸ್ ಮತ್ತು ಟೆಟನಸ್ ಲಸಿಕೆ ಹಾಕಿಸಿಕೊಳ್ಳುವುದು ಕ್ಷೇಮ, ಕೈತೊಳೆಯದೆ ಒಂದು ಗೂಡಿನಿಂದ ಇನ್ನೊಂದಕ್ಕೆ ಹೋಗಕೂಡದು.

ಚೆನ್ನೈನ ಬೇಸಿಗೆ ಮೊಲಕ್ಕೆ ಹೇಳಿಮಾಡಿಸಿದ ಶತ್ರು. ಸಾಕುಮೊಲದ ಪೂರ್ವಜರು ಯೂರೋಪಿನ ನೆಲದ ತಂಪು ಬಿಲಗಳವರು. ಅವುಗಳಿಗೆ ಬೆವರುವ ಶಕ್ತಿ ಇಲ್ಲ. ಮೈಯ ಬಿಸಿಯನ್ನು ಹೊರಹಾಕಲು ಮುಖ್ಯ ದಾರಿ ಉದ್ದನೆಯ ಕಿವಿಗಳ ರಕ್ತನಾಳಗಳು. ಉಷ್ಣಾಂಶ 30 ಡಿಗ್ರಿ ದಾಟಿದರೆ ಸಂಕಟ ಶುರು. ಮೇ ತಿಂಗಳ ಕತ್ತರಿ ವೆಯಿಲ್ ಎಂಬ ಬಿಸಿಲಿನಲ್ಲಿ ಪಾದರಸ 40 ಮುಟ್ಟುವುದು ಈ ಊರಿಗೆ ಹೊಸದಲ್ಲ. 2003ರ ಮೇ 31ರಂದು 45 ಡಿಗ್ರಿ ದಾಖಲಾಗಿತ್ತು. ಕಡಲ ತೀರದ ತೇವ ಸೇರಿ ಸೆಕೆ ಇಮ್ಮಡಿಸುತ್ತದೆ. ಸ್ವಯಂಸೇವಕರ ಕೈಯಲ್ಲಿರುವ ಉಪಾಯಗಳು ಸರಳ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟರೆ ಮೊಲ ತಾನಾಗಿ ಬಂದು ಒರಗುತ್ತದೆ. ಒದ್ದೆ ಗೋಣಿಚೀಲದ ಪರದೆ, ಮಣ್ಣಿನ ಹೆಂಚು, ಮಣ್ಣಿನ ಬಟ್ಟಲಿನ ನೀರು, ಕಿವಿಗೆ ಆಗಾಗ ತೇವದ ಬೆರಳು. ಬಾಯಿ ತೆರೆದು ಏದುಸಿರು ಬಿಡುವ, ಕಿವಿ ಕೆಂಪಾಗಿ ಸುಡುವ ಮೊಲವನ್ನು ಐಸ್ ನೀರಿಗೆ ಹಾಕಬಾರದು. ಮೆಲ್ಲಗೆ ತಂಪುಗೊಳಿಸುತ್ತಲೇ ವೈದ್ಯರ ಬಳಿಗೆ ಒಯ್ಯಬೇಕು.

ಬೇಸಿಗೆ ಕಳೆದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತ. ವೇಳಚ್ಚೇರಿ ತಗ್ಗಿನ ಪ್ರದೇಶ. 2015ರ ಡಿಸೆಂಬರಿನಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಅಲ್ಲಿನ ಬೀದಿಗಳು ಕೆರೆಯಾದವು. ನೆಲಮಟ್ಟದ ಗೂಡುಗಳಲ್ಲಿರುವ ಮೊಲಗಳನ್ನು ಮಹಡಿಗೆ ಸಾಗಿಸುವ ಏರ್ಪಾಡು ಮಳೆಗೆ ಮೊದಲೇ ಆಗಬೇಕು. ತೇವದಲ್ಲಿ ಒಣಹುಲ್ಲು ಬೂಸ್ಟು ಹಿಡಿಯುತ್ತದೆ, ಮೂಸಿ ನೋಡದೆ ಹಾಕಬಾರದು. ನೊಣಗಳ ಕಾಟವೂ ಇದೇ ಕಾಲದಲ್ಲಿ: ಕೊಳೆಯಾದ ಹಿಂಭಾಗದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳಗಳು ಜೀವಂತ ಚರ್ಮವನ್ನು ತಿನ್ನತೊಡಗುತ್ತವೆ. ಮಳೆಗಾಲದಲ್ಲಿ ಪ್ರತಿ ಮೊಲದ ಬಾಲದ ಬುಡವನ್ನು ದಿನಾ ನೋಡುವುದು ನಿಯಮವಾಗಬೇಕು.

ಗಂಡು ಹೆಣ್ಣನ್ನು ಬೇರ್ಪಡಿಸುವುದು ಆಶ್ರಯಧಾಮದ ನಿತ್ಯದ ಚಿಂತೆ. ಮರಿಗಳಲ್ಲಿ ಲಿಂಗ ಗುರುತಿಸುವುದು ಕಷ್ಟ. ಎರಡೂ ಹೆಣ್ಣು ಎಂದು ಅಂಗಡಿಯವನು ಹೇಳಿಕೊಟ್ಟ ಜೋಡಿಯಿಂದಲೇ ಮನೆ ತುಂಬುವುದು. ಹೆಣ್ಣು 4ರಿಂದ 6 ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ, ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ, ಹಾಕಿದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಶಸ್ತ್ರಚಿಕಿತ್ಸೆಯಾದ ಗಂಡು ಕೂಡ ಕೆಲವು ವಾರ ಫಲವತ್ತಾಗಿಯೇ ಇರುತ್ತದೆ ಎಂಬುದನ್ನು ಮರೆತು ಜೊತೆಗೆ ಬಿಟ್ಟರೆ ಲೆಕ್ಕ ತಪ್ಪುತ್ತದೆ. ತಾಯಿ ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ದೂರ ಹೋಗುತ್ತದೆ. ಇದನ್ನು ಕಂಡು ತಾಯಿ ಬಿಟ್ಟುಬಿಟ್ಟಿದೆ ಎಂದು ಬಗೆದು ಮರಿಗಳಿಗೆ ಹಸುವಿನ ಹಾಲು ಕುಡಿಸಿ ಕೊಂದವರೂ ಉಂಟು. ಮರಿಗಳ ಹೊಟ್ಟೆ ತುಂಬಿ ದುಂಡಗಿದ್ದರೆ ಕೈಹಾಕುವ ಅಗತ್ಯವಿಲ್ಲ. ವಯಸ್ಸಾದ ಹೆಣ್ಣುಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯವಾದ್ದರಿಂದ ಸಂತಾನಹರಣ ಅವುಗಳ ಆಯುಸ್ಸಿಗೂ ಒಳ್ಳೆಯದು. ಆದರೆ ಅರಿವಳಿಕೆ ಮೊಲಕ್ಕೆ ಅಪಾಯಕಾರಿ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇಕಡಾ 0.17 ಇದ್ದರೆ ಮೊಲಗಳಲ್ಲಿ ಶೇಕಡಾ 1.39 ಇತ್ತು. ನಾಯಿಯನ್ನು ಉಪವಾಸ ಕೆಡವುವಂತೆ ಮೊಲವನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಉಪವಾಸ ಇಡಬಾರದು. ಮೊಲ ಬಲ್ಲ ವೈದ್ಯರೇ ಬೇಕು. 1903ರಿಂದ ನಡೆಯುತ್ತಿರುವ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಹತ್ತಿರವಿರುವುದು ಚೆನ್ನೈನ ಭಾಗ್ಯ.

ಔಷಧಿಯ ವಿಷಯದಲ್ಲಿ ಸ್ವಯಂಸೇವಕರಿಗೆ ಇರುವುದು ಒಂದೇ ನಿಯಮ: ತಾವಾಗಿ ಏನನ್ನೂ ಕೊಡದಿರುವುದು. ಮೂಗು, ಕಿವಿಯಂಚಿನಲ್ಲಿ ಹೊಪ್ಪಳೆಗಟ್ಟುವ ಕಜ್ಜಿ, ಕಿವಿಯೊಳಗೆ ಕಂದು ಪದರ ಕಟ್ಟುವ ನುಸಿ ಇವು ಸಾಮಾನ್ಯ, ವೈದ್ಯರ ಚುಚ್ಚುಮದ್ದಿಗೆ ವಾಸಿಯಾಗುತ್ತವೆ. ನಾಯಿಗಳ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಮೊಲವನ್ನು ಕೊಲ್ಲಬಲ್ಲದು. ಮನುಷ್ಯರಿಗೂ ನಾಯಿಗಳಿಗೂ ನಿರಾಳವಾಗಿ ನುಂಗಿಸುವ ಅಮಾಕ್ಸಿಸಿಲಿನ್ ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಬುಡಮೇಲು ಮಾಡುತ್ತದೆ.

ಪ್ರಯೋಗಾಲಯಗಳ ಮೊಲಗಳದ್ದು ಇನ್ನೊಂದು ಅಧ್ಯಾಯ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ರೂಪಿಸಿದ ಪರೀಕ್ಷೆಯಲ್ಲಿ ಬಿಳಿಮೊಲಗಳ ಕಣ್ಣಿಗೆ ರಾಸಾಯನಿಕ ಹಾಕಿ ಎಷ್ಟು ಉರಿಯುತ್ತದೆಂದು ನೋಡುತ್ತಿದ್ದರು. ಸೌಂದರ್ಯ ಸಾಮಗ್ರಿಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸಾಮಗ್ರಿಗಳ ಆಮದೂ ಅದೇ ವರ್ಷ ನಿಂತಿತು. ಔಷಧಿಗಳ ಪರೀಕ್ಷೆ ಮುಂದುವರಿದಿದೆ. ಪ್ರಯೋಗ ಮುಗಿದ ಪ್ರಾಣಿಗಳಿಗೆ ಪುನರ್ವಸತಿ ಒದಗಿಸುವುದನ್ನೂ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ನಿಯಂತ್ರಿಸುವ ಸಮಿತಿ ತನ್ನ ತತ್ವಗಳಲ್ಲಿ ಸೇರಿಸಿಕೊಂಡಿದೆ. ಅಂಥ ಮೊಲ ನೆಲದ ಮೇಲೆ ಓಡಿದ್ದಿಲ್ಲ, ಹಸಿ ಹುಲ್ಲು ಕಂಡಿದ್ದಿಲ್ಲ. ಸೊಪ್ಪನ್ನು ಒಂದೊಂದೇ ಎಲೆಯಾಗಿ, ವಾರಗಟ್ಟಲೆ ಹಂತಹಂತವಾಗಿ ರೂಢಿ ಮಾಡಿಸಬೇಕಾಗುತ್ತದೆ.

ಆಶ್ರಯಧಾಮದಿಂದ ಮೊಲವನ್ನು ಮನೆಗೆ ಕಳಿಸುವಾಗ ಸ್ವಯಂಸೇವಕರು ಒಂದಿಷ್ಟು ಕಠೋರರಾಗಬೇಕು. ಕೇಳಲು ಬರುವವರೆಲ್ಲ ಸಾಕಲು ಬರುವುದಿಲ್ಲ. ಮೊಲದ ಮಾಂಸ ತಿನ್ನುವವರಿದ್ದಾರೆ. ಮೊಲದ ರಕ್ತ ಬೆರೆಸಿದ್ದು ಎಂದು ಹೇಳಿ ಮಾರುವ ಕೂದಲೆಣ್ಣೆಗೆ ತಮಿಳುನಾಡಿನಲ್ಲಿ ಇಂದಿಗೂ ಗಿರಾಕಿಗಳಿದ್ದಾರೆ. ಮನೆಯಲ್ಲಿ ನಾಯಿ ಇದೆಯೇ, ವೈರುಗಳಿಗೆ ಮರೆ ಇದೆಯೇ, ಸೆಕೆಗಾಲದಲ್ಲಿ ಫ್ಯಾನಿನ ಕೆಳಗೆ ಜಾಗ ಸಿಗುತ್ತದೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಹೊಣೆ ಹೊರುವವರು ಮಕ್ಕಳೋ ದೊಡ್ಡವರೋ ಎಂದು ಕೇಳಲೇಬೇಕು. ಮೊಲವನ್ನು ಹಿತ್ತಲಿನ ಗೂಡಿನಿಂದ ಮನೆಯೊಳಗೆ ತಂದ ಚಿಂತನೆಗೆ 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಹೌಸ್ ರ್ಯಾಬಿಟ್ ಸೊಸೈಟಿಯ ಕೊಡುಗೆ ದೊಡ್ಡದು. ಒಂಟಿ ಮೊಲ ಸೊರಗುವುದರಿಂದ ಶಸ್ತ್ರಚಿಕಿತ್ಸೆಯಾದ ಒಂದು ಗಂಡು, ಒಂದು ಹೆಣ್ಣನ್ನು ಜೊತೆಯಾಗಿ ಕೊಡುವುದು ಉತ್ತಮ. ಎರಡಕ್ಕೂ ಪರಿಚಯವಿಲ್ಲದ ಜಾಗದಲ್ಲಿ, ಯಾರಾದರೂ ಎದುರು ಕುಳಿತು, ದಿನಕ್ಕೆ ಸ್ವಲ್ಪ ಹೊತ್ತು ಬಿಟ್ಟು ಹೊಂದಿಸಬೇಕು. ತಾಳ್ಮೆಯುಳ್ಳ ಸ್ವಯಂಸೇವಕರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಬೇಡವಾದ ಮೊಲವನ್ನು ಹಸಿರು ಕಂಡಲ್ಲಿ ಬಿಟ್ಟುಬರುವುದು ಪುಣ್ಯವೆಂದು ಕೆಲವರು ನಂಬಿದ್ದಾರೆ. ಗಿಂಡಿ ರಾಷ್ಟ್ರೀಯ ಉದ್ಯಾನದ ಸುಮಾರು 2.7 ಚದರ ಕಿಲೋಮೀಟರ್ ಕಾಡಿನಲ್ಲಿ ಮೊಲಗಳಿವೆ ನಿಜ. ಅವು ಕಪ್ಪುಕತ್ತಿನ ಕಾಡುಮೊಲಗಳು, ಬೇರೆಯೇ ಕುಲ. ಕಾಡುಮೊಲದ ಮರಿ ಕೂದಲು ಹೊತ್ತು, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಹುಲ್ಲಿನ ನಡುವೆ ಒಂಟಿಯಾಗಿ ಕುಳಿತಿದ್ದರೆ ಅನಾಥವೆಂದು ಎತ್ತಿ ತರಬಾರದು, ತಾಯಿ ಸಂಜೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಸಾಕುವುದೂ ಅಪರಾಧ. ಸಾಕುಮೊಲದ ಮರಿ ಬೋಳಾಗಿ, ಕುರುಡಾಗಿ ಹುಟ್ಟುತ್ತದೆ; ಬೆಳೆದ ಮೇಲೂ ಅದರ ಬಿಳಿ ಮೈ ಹದ್ದಿಗೂ ಬೀದಿನಾಯಿಗೂ ದೂರದಿಂದಲೇ ಕಾಣುತ್ತದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆಯಲ್ಲಿ ಬರೆದಿರುವ ದಂಡ 10ರಿಂದ 50 ರೂಪಾಯಿ. ಒಂದು ಕಟ್ಟು ಕೊತ್ತಂಬರಿಯ ಬೆಲೆಗೆ ತೊರೆಯಲು ಪರವಾನಗಿ ಕೊಟ್ಟಂತಾಗಿದೆ.

ಮೊಲಗಳ ಸೇವೆಗೆ ಮನಸ್ಸಿರುವವರು ಮೊದಲು ಆಶ್ರಯಧಾಮಕ್ಕೆ ಫೋನು ಮಾಡಿ ಅಲ್ಲಿನ ನಿಯಮ ತಿಳಿದುಕೊಳ್ಳಬೇಕು. ಮೊಲ ಚುರುಕಾಗಿರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ಮಧ್ಯಾಹ್ನ ಹೋದರೆ ನಿದ್ದೆಗೆಡಿಸಿದಂತೆ. ಒಂದೇ ದಿನ ಹತ್ತು ಗಂಟೆ ದುಡಿದು ಮಾಯವಾಗುವವರಿಗಿಂತ ವಾರಕ್ಕೊಂದು ಗೊತ್ತಾದ ಬೆಳಿಗ್ಗೆ ತಪ್ಪದೆ ಬರುವವರು ಹೆಚ್ಚು ಬೆಲೆಬಾಳುತ್ತಾರೆ, ಏಕೆಂದರೆ ಕಳೆದ ವಾರಕ್ಕೂ ಈ ವಾರಕ್ಕೂ ಇರುವ ವ್ಯತ್ಯಾಸ ಅವರ ಕಣ್ಣಿಗೇ ಬೀಳುವುದು. ಬರಲಾಗದವರು ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಮಣ್ಣಿನ ಬಟ್ಟಲು, ಗೋಣಿಚೀಲ, ಒಣಹುಲ್ಲು ಕಳಿಸಬಹುದು. ಬೆಂಗಳೂರಿನವರಿಗೆ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳಿವೆ. ಮೊಲ ಸಾಕಲೇಬೇಕೆಂಬ ಆಸೆಯಿದ್ದರೆ ಸಂತೆಯ ಪಂಜರದ ಮುಂದೆ ನಿಲ್ಲುವ ಮೊದಲು ಹತ್ತಿರದ ಆಶ್ರಯಧಾಮದಲ್ಲಿ ವಿಚಾರಿಸಿ. ಅಲ್ಲಿ ಮನೆಗಾಗಿ ಕಾದಿರುವ ಮೊಲ ಇದ್ದೀತು.